ಹೊಸ ಪಿಕಪ್, ಆರು ತಿಂಗಳಲ್ಲಿ ಐದು ಸಲ ವರ್ಕ್‌ಶಾಪ್: ಬೈಬ್ಯಾಕ್‌ಗೆ ಒಪ್ಪಲಾ, ಬೇಡವಾ?

ತೋಟದಮನೆ, ತೀರ್ಥಹಳ್ಳಿ (ನವೆಂಬರ್ 9, 2025, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಮೇ ಕೊನೆಗೆ ಒಂದು ಡೀಸೆಲ್ ಪಿಕಪ್ ತಗೊಂಡೆ. ಕಂಪನಿ ಹೆಸರು, ಶೋರೂಂ ಹೆಸರು ಕೇಳಬೇಡಿ. ಮಾತುಕತೆ ಇನ್ನೂ ಮುಗಿದಿಲ್ಲ. ಎಕ್ಸ್-ಶೋರೂಂ 10,24,000 ರೂಪಾಯಿ. ಅದರ ಮೇಲೆ ಟ್ಯಾಕ್ಸ್, ಇನ್ಶೂರೆನ್ಸ್, ಹಿಂದೆ ಕಬ್ಬಿಣದ ಗೂಡು, ಟಾರ್ಪಾಲು. ಹಳದಿ ಬೋರ್ಡ್. ಓಡಿಸುವುದು ನಾನೇ. ಮನೆ ಅಡಿಕೆ, ಗೊಬ್ಬರ, ಬಿಡುವಿದ್ದಾಗ ಊರಿನವರ ಬಾಡಿಗೆ.

ಜೂನ್ ಮೂರನೇ ವಾರ ಮೊದಲ ಸಲ ಕೈ ಕೊಟ್ಟಿತು. ಆಗಿನ್ನೂ 1,900 ಕಿ.ಮೀ. ಆಗಿತ್ತು. ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಅರ್ಧ ಘಾಟಿ ದಾಟಿದ ಮೇಲೆ ಇಂಜಿನ್ ದೀಪ ಹೊತ್ತಿತು, ಗಾಡಿ ಎಳೆಯುವುದನ್ನೇ ಬಿಟ್ಟಿತು. ಆಕ್ಸಿಲೇಟರ್ ನೆಲಕ್ಕೆ ತಾಗಿಸಿದರೂ ಎತ್ತಿನಗಾಡಿ ವೇಗ. ಹಿಂದೆ ಬಸ್ಸಿನವನ ಹಾರ್ನು, ಮುಂದೆ ಮಂಜು, ಮೇಲೆ ಆ ಮಳೆ. ಹದಿನಾಲ್ಕು ತಿರುವಿನ ಆ ಘಾಟಿಯಲ್ಲಿ ಗಾಡಿ ನಿಲ್ಲಿಸಲು ಜಾಗವಾದರೂ ಎಲ್ಲಿದೆ?

ಶಿವಮೊಗ್ಗಕ್ಕೆ ಒಯ್ದೆ. ಸಾಫ್ಟ್‌ವೇರ್ ಹಾಕಿದರು. ಜುಲೈನಲ್ಲಿ ಮತ್ತೆ ಅದೇ ಕಥೆ, ಸೆನ್ಸರ್ ಬದಲಿಸಿದರು. ಆಗಸ್ಟ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜರಡಿ) ಕ್ಲೀನ್ ಮಾಡಿದರು. ಸೆಪ್ಟೆಂಬರ್‌ನಲ್ಲಿ ಹೊಸ ಡಿಪಿಎಫ್ ಹಾಕಿದರು. ಅಕ್ಟೋಬರ್‌ನಲ್ಲಿ ಇಂಜೆಕ್ಟರ್. ಪ್ರತಿ ಸಲವೂ "ಈಗ ಪಕ್ಕಾ ಆಯ್ತು ಸಾರ್" ಎಂಬ ಮಾತು. ಲೆಕ್ಕ ಹಾಕಿದರೆ ಗಾಡಿ 38 ದಿನ ವರ್ಕ್‌ಶಾಪಿನಲ್ಲೇ ಇತ್ತು. ಮೊನ್ನೆ ಮತ್ತೆ ದೀಪ ಹೊತ್ತಿದೆ.

ಈಗ ಕೊಯ್ಲಿನ ಸಮಯ. ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ ಅಲ್ವಾ? ಬೇರೆಯವರ ಗಾಡಿಗೆ ಬಾಡಿಗೆ ಕೊಟ್ಟು, ನನ್ನ ಗಾಡಿಗೆ ಕಂತು ಕಟ್ಟುತ್ತಿದ್ದೇನೆ.

ಇವತ್ತು ಶೋರೂಂನಿಂದ ಫೋನ್ ಬಂದಿತ್ತು. "ಬೈಬ್ಯಾಕ್ ಮಾಡಿಸಿಕೊಡುತ್ತೇವೆ, ಅಂದರೆ ಗಾಡಿ ವಾಪಸ್ ತಗೊಳ್ಳುತ್ತೇವೆ, ಹಳೆಯದಕ್ಕೆ 8,20,000, ಹೊಸದು ತಗೊಳ್ಳಿ" ಎಂದರು. ಮನೆಯಲ್ಲಿ "ಒಪ್ಪಿಕೊಳ್ಳಿ, ಪೀಡೆ ತೊಲಗಲಿ" ಎನ್ನುತ್ತಿದ್ದಾರೆ. ನೀವು ಏನು ಹೇಳುತ್ತೀರಿ?

ಸಾಗರದ ಗ್ಯಾರೇಜ್ (ನವೆಂಬರ್ 9, ರಾತ್ರಿ 10.15)

ಬೈಬ್ಯಾಕ್ ಆಮೇಲೆ. ಮೊದಲು ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿ. ಮಟ್ಟ ಎಲ್ಲಿದೆ?

ಹೊಸನಗರ ಹುಡುಗ (ನವೆಂಬರ್ 9, ರಾತ್ರಿ 10.32)

ಸುಮ್ನೆ ಶೋರೂಂ ಮುಂದೆ ಗಾಡಿ ಅಡ್ಡ ನಿಲ್ಲಿಸಿ, ಬ್ಯಾನರ್ ಕಟ್ಟಿ, ಕತ್ತೆ ಕೈಲಿ ಎಳೆಸಿ. ವಿಡಿಯೊ ಓಡಿದರೆ ನಾಳೆಯೇ ಹೊಸ ಗಾಡಿ ಬರುತ್ತದೆ.

ಕೊಪ್ಪದಕ್ಕ (ನವೆಂಬರ್ 10, ಬೆಳಿಗ್ಗೆ 6.50)

ಕತ್ತೆ ಎಲ್ಲಿಂದ ತರುತ್ತೀಯೋ ತಮ್ಮ? ಮಲೆನಾಡಿನಲ್ಲಿ ಕತ್ತೆ ಹುಡುಕುವುದಕ್ಕಿಂತ ಗ್ರಾಹಕರ ಆಯೋಗ ಹುಡುಕುವುದು ಸುಲಭ.

ತೋಟದಮನೆ, ತೀರ್ಥಹಳ್ಳಿ (ನವೆಂಬರ್ 10, ಬೆಳಿಗ್ಗೆ 7.20)

ಗ್ಯಾರೇಜ್‌ನವರೇ, ಕಡ್ಡಿ ನೋಡಿದೆ. ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿದೆ! ನಾನು ಆಯಿಲ್ ಹಾಕಿಯೇ ಇಲ್ಲ. ಎಂತ ಇದು?

ಸಾಗರದ ಗ್ಯಾರೇಜ್ (ನವೆಂಬರ್ 10, ಬೆಳಿಗ್ಗೆ 8.05)

ನನಗೆ ಅನುಮಾನ ಇದ್ದದ್ದೇ ಇದು. ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜರಡಿ ಇರುತ್ತದೆ. ಹೊಗೆಯ ಮಸಿ ಅದರಲ್ಲಿ ಕೂರುತ್ತದೆ. ಜಾಸ್ತಿ ತುಂಬಿದಾಗ ಇಂಜಿನ್ ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಜರಡಿಯನ್ನು 600 ಡಿಗ್ರಿ ಸುಮಾರಿಗೆ ಕಾಯಿಸಿ ಮಸಿ ಸುಡುತ್ತದೆ. ಅದಕ್ಕೇ ರೀಜೆನ್ ಎನ್ನುವುದು. ಗಾಡಿ ಒಂದೇ ಸಮ ಓಡುತ್ತಿದ್ದರೆ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಮಧ್ಯೆ ಮಧ್ಯೆ ನಿಂತರೆ ಆ ಹೆಚ್ಚಿನ ಡೀಸೆಲ್ ಸುಡದೆ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಏರುವುದು ಹಾಗೆ. ಆಯಿಲ್ ತೆಳ್ಳಗಾದರೆ ಬೇರಿಂಗ್ ಹೋಗುತ್ತದೆ. ಇನ್ನೂ ಏರಿದರೆ ಇಂಜಿನ್ ಆ ಆಯಿಲನ್ನೇ ಕುಡಿದು ತನ್ನಷ್ಟಕ್ಕೆ ರೇಸ್ ಆಗಬಹುದು. ಕೀ ತೆಗೆದರೂ ನಿಲ್ಲುವುದಿಲ್ಲ. ಇವತ್ತಿನಿಂದ ಓಡಿಸಬೇಡಿ. ಟೋಯಿಂಗ್ ಮಾಡಿಸಿ.

ಒಂದು ಮಾತು ನಿಷ್ಠುರವಾಗಿ ಕೇಳುತ್ತೇನೆ, ಬೇಜಾರು ಬೇಡ. ತೋಟದಿಂದ ಅಂಗಳ, ಅಂಗಳದಿಂದ ಮಿಲ್ಲು, ಬರೀ ಎರಡು ಮೂರು ಕಿ.ಮೀ. ಓಡಿಸುವವರಿಗೆ ಈ ತೊಂದರೆ ಖಾಯಂ. ಅದು ಗಾಡಿಯ ದೋಷ ಅಲ್ಲ, ಓಡಾಟದ ದೋಷ. ನಿಮ್ಮದು ಹೇಗೆ?

ತೋಟದಮನೆ, ತೀರ್ಥಹಳ್ಳಿ (ನವೆಂಬರ್ 10, ಮಧ್ಯಾಹ್ನ 1.10)

ಬೇಜಾರೇನಿಲ್ಲ, ವರ್ಕ್‌ಶಾಪಿನವರದ್ದೂ ಇದೇ ರಾಗ. ಮೊದಲ ತಿಂಗಳು ನಾನೂ ನಂಬಿದ್ದೆ. ಆದರೆ ವಾರಕ್ಕೆ ಒಂದು ಸಲವಾದರೂ ಶಿವಮೊಗ್ಗದ ಮಂಡಿಗೆ ಹೋಗುತ್ತೇನೆ. ಮಂಡಗದ್ದೆ, ಗಾಜನೂರು ಮೇಲೆ ಹೋಗಲು 60 ಕಿ.ಮೀ., ಬರಲು 60. ಒಂದೂವರೆ ಗಂಟೆ ಒಂದೇ ಸಮ ಓಟ. ಆ ಓಟದಲ್ಲೂ ಎರಡು ಸಲ ದೀಪ ಹೊತ್ತಿದೆ. ಹೊಸ ಡಿಪಿಎಫ್ ಹಾಕಿ 900 ಕಿ.ಮೀ.ಗೆ ಮತ್ತೆ ತುಂಬಿದೆ ಎಂದರು. ಇದಕ್ಕೇನು ಹೇಳುತ್ತೀರಿ?

ಓವರ್‌ಲೋಡ್ ಅಂತಲೂ ಒಂದು ಸಲ ಹೇಳಿ ನೋಡಿದರು. ಮಂಡಿಯ ತೂಕದ ಚೀಟಿಗಳೆಲ್ಲ ಇವೆ. 16 ಚೀಲ, ಚೀಲಕ್ಕೆ ಹತ್ತಿರ ಹತ್ತಿರ 65 ಕೆ.ಜಿ. ಒಂದು ಟನ್ ಚಿಲ್ಲರೆ. ಗಾಡಿಗೆ ಪಾಸಾಗಿರುವುದು 1.3 ಟನ್. ಚೀಟಿ ತೋರಿಸಿದ ಮೇಲೆ ಆ ಮಾತು ಎತ್ತಿಲ್ಲ.

ಸಾಗರದ ಗ್ಯಾರೇಜ್ (ನವೆಂಬರ್ 10, ಮಧ್ಯಾಹ್ನ 2.00)

ಹಾಗಾದರೆ ನನ್ನ ಮಾತು ವಾಪಸ್. 60 ಕಿ.ಮೀ. ಓಟಕ್ಕೂ ರೀಜೆನ್ ಮುಗಿಯುತ್ತಿಲ್ಲ ಎಂದರೆ ಗಾಡಿಯಲ್ಲೇ ಏನೋ ಇದೆ. ಟರ್ಬೊ, ಇಜಿಆರ್ (ಸ್ವಲ್ಪ ಹೊಗೆಯನ್ನು ಇಂಜಿನ್‌ಗೇ ಮರಳಿಸುವ ವಾಲ್ವ್), ವೈರಿಂಗ್, ಯಾವುದೂ ಇರಬಹುದು. ಅವರು ಹುಡುಕುತ್ತಿಲ್ಲ, ಒಂದೊಂದೇ ಪಾರ್ಟ್ ಹಾಕಿ ಅದೃಷ್ಟ ನೋಡುತ್ತಿದ್ದಾರೆ. ಆಯಿಲ್ ಮಟ್ಟದ ಫೋಟೊ ತೆಗೆಯಿರಿ, ಮೀಟರ್ ಕಾಣುವ ಹಾಗೆ ಇನ್ನೊಂದು ತೆಗೆಯಿರಿ.

ಶೋರೂಂನಲ್ಲಿದ್ದವ (ನವೆಂಬರ್ 10, ರಾತ್ರಿ 8.45)

ಬೇರೆ ಜಿಲ್ಲೆಯ ಬೇರೆ ಕಂಪನಿ ಶೋರೂಂನಲ್ಲಿ ಆರು ವರ್ಷ ಸರ್ವಿಸ್ ಅಡ್ವೈಸರ್ ಆಗಿದ್ದೆ. ಈಗ ಕೋಳಿ ಫಾರಂ ಇಟ್ಟಿದ್ದೇನೆ, ನೆಮ್ಮದಿಯಾಗಿದ್ದೇನೆ. ಒಳಗಿನ ಒಂದು ವಿಷಯ ಹೇಳುತ್ತೇನೆ.

ನಿಮ್ಮ ಐದು ಜಾಬ್ ಕಾರ್ಡ್ (ಗಾಡಿ ಬಿಡುವಾಗ ದೂರು, ಕೆಲಸ ಬರೆದುಕೊಡುವ ಕಾಗದ) ತೆಗೆದು ಓದಿ. "ಕಸ್ಟಮರ್ ಕಂಪ್ಲೇಂಟ್" ಎಂಬ ಜಾಗದಲ್ಲಿ ಏನು ಬರೆದಿದೆ? ನೀವು "ಘಾಟಿಯಲ್ಲಿ ಎಳೆಯುವುದು ನಿಂತಿತು" ಎಂದಿರುತ್ತೀರಿ. ನಾವು "ಜನರಲ್ ಚೆಕಪ್" ಎಂದು ಬರೆದಿರುತ್ತೇವೆ. ಬೇಕೆಂದೇ ಅಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಮೂವತ್ತು ಗಾಡಿ ಸಾಲಿನಲ್ಲಿ ನಿಂತಿರುತ್ತವೆ. ಆದರೆ ನಾಳೆ ಕಂಪನಿಯವರು ನೋಡುವುದು ನಿಮ್ಮ ಸಿಟ್ಟನ್ನಲ್ಲ, ಆ ಸಾಲನ್ನು. ಐದು ಕಾರ್ಡಿನಲ್ಲೂ ಒಂದೇ ದೂರು ಇದ್ದರೆ ಮಾತ್ರ ಅದು ಅವರಲ್ಲಿ "ರಿಪೀಟ್ ಕಂಪ್ಲೇಂಟ್" ಆಗುತ್ತದೆ, ಮೇಲಿನವರಿಗೆ ಹೋಗುತ್ತದೆ.

ಇನ್ನೊಂದು ವಿಷಯ. ಅವರು ಹೇಳಿದ್ದು ಬೈಬ್ಯಾಕ್ ಅಲ್ಲವೇ ಅಲ್ಲ. ಅದು ಎಕ್ಸ್‌ಚೇಂಜ್. ಹಳೆ ಗಾಡಿ ಕೊಟ್ಟು ಹೊಸದು ತಗೊಳ್ಳುವ ಯಾರಿಗಾದರೂ ಕೊಡುವ ರೇಟು ಅದು. ಶೋರೂಂಗೆ ಒಂದು ಸೇಲ್ ಜಾಸ್ತಿ ಆಯಿತು, ಸೇಲ್ಸ್‌ನವನಿಗೆ ಇನ್ಸೆಂಟಿವ್ ಬಂತು. ನಿಜವಾದ ಬೈಬ್ಯಾಕ್ ಕಂಪನಿ ಒಪ್ಪಿಗೆಯಿಂದ ಆಗುತ್ತದೆ. ಇನ್‌ವಾಯ್ಸ್ ಬೆಲೆಯಿಂದ ಲೆಕ್ಕ ಶುರುವಾಗುತ್ತದೆ, ಮಾರ್ಕೆಟ್ ಬೆಲೆಯಿಂದಲ್ಲ.

ತೋಟದಮನೆ, ತೀರ್ಥಹಳ್ಳಿ (ನವೆಂಬರ್ 10, ರಾತ್ರಿ 9.30)

ಈಗ ನೋಡಿದೆ. ಐದರಲ್ಲಿ ಮೂರು ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದೇ ಇದೆ! ಒಂದರಲ್ಲಿ "ಪಿಕಪ್ ಲೋ". ಅದು ಗಾಡಿ ಜಾತಿಯೋ ದೂರೋ ಗೊತ್ತಾಗುವುದಿಲ್ಲ. ಮೈ ಉರಿಯಿತು.

ಅಮೆರಿಕದ ಭಾವ (ನವೆಂಬರ್ 11, ಬೆಳಿಗ್ಗೆ 5.15)

ನಾನು ಸಾಗರದ ಕಡೆಯವನೇ, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ ಇದಕ್ಕೆ ಲೆಮನ್ ಲಾ ಇದೆ. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲು ತಂದಿತು, ಆಮೇಲೆ ಉಳಿದ ರಾಜ್ಯಗಳೂ ತಂದವು. ಕೆಟ್ಟ ಹೊಸ ಗಾಡಿಗೆ ಇಲ್ಲಿನವರು ನಿಂಬೆಹಣ್ಣು ಎನ್ನುತ್ತಾರೆ. ಹಲವು ರಾಜ್ಯಗಳಲ್ಲಿ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ ಆದರೆ, ಅಥವಾ ಒಟ್ಟು 30 ದಿನ ವರ್ಕ್‌ಶಾಪಿನಲ್ಲಿ ನಿಂತರೆ, ಕಂಪನಿ ಗಾಡಿ ವಾಪಸ್ ತಗೊಳ್ಳಬೇಕು ಅಥವಾ ಬೇರೆ ಕೊಡಬೇಕು. ನಿಮ್ಮದು ಆ ಲೆಕ್ಕದಲ್ಲಿ ಎರಡೂ ದಾಟಿದೆ. ನಮ್ಮಲ್ಲೂ ಇರಬೇಕಲ್ಲ?

ಕೋರ್ಟ್ ಗುಮಾಸ್ತ (ನವೆಂಬರ್ 11, ರಾತ್ರಿ 7.30)

ಇಲ್ಲ ಭಾವ. ನಮ್ಮಲ್ಲಿ "ಇಷ್ಟು ಸಲ ಕೆಟ್ಟರೆ ಹೊಸದು" ಎಂಬ ಕಾನೂನು ಇಲ್ಲ. ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈನಿಂದ ಜಾರಿಯಲ್ಲಿದೆ. ನಾನು ವಕೀಲ ಅಲ್ಲ, ವಕೀಲರ ಆಫೀಸಿನಲ್ಲಿ ಫೈಲು ಹೊರುವವನು. ಹೊತ್ತು ಹೊತ್ತು ಕಲಿತದ್ದು ಇಷ್ಟು.

ದೋಷ ಸಾಬೀತಾದರೆ ಆಯೋಗ ರಿಪೇರಿ ಮಾಡಿಸಬಹುದು, ಹೊಸ ಗಾಡಿ ಕೊಡಿಸಬಹುದು, ಬಡ್ಡಿ ಸಮೇತ ದುಡ್ಡು ವಾಪಸ್ ಕೊಡಿಸಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ಹತ್ತರಿಂದ ಇಪ್ಪತ್ತು ಲಕ್ಷದ ವಸ್ತುವಿಗೆ ಫೀಸು 400 ರೂಪಾಯಿ. ಗಾಡಿ ಎಲ್ಲೇ ತಗೊಂಡಿರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಈಗ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೇ ಹಾಕಬಹುದು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಒಂದು ದೂರು ದಾಖಲಿಸಿ. ಖರ್ಚಿಲ್ಲ. ಎಷ್ಟೋ ಸಲ ಕಂಪನಿಯವರು ಅಲ್ಲಿಗೇ ಇಳಿಯುತ್ತಾರೆ.

ತೊಡಕು ಎರಡು. ಒಂದು, ಹಳದಿ ಬೋರ್ಡ್. "ಇದು ವ್ಯಾಪಾರಕ್ಕೆ ತಗೊಂಡ ಗಾಡಿ, ನೀವು ಗ್ರಾಹಕರೇ ಅಲ್ಲ" ಎನ್ನುವುದು ಅವರ ವಕೀಲರ ಮೊದಲ ಬಾಣ. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಬಳಸುವವನು ಗ್ರಾಹಕನೇ ಎಂದು ಕಾಯ್ದೆಯಲ್ಲೇ ಇದೆ. 1995ರಲ್ಲಿ ಸುಪ್ರೀಂ ಕೋರ್ಟ್ ಲಾರಿಯ ಉದಾಹರಣೆಯನ್ನೇ ಕೊಟ್ಟಿದೆ. ಲಾರಿ ತಗೊಂಡು ತಾನೇ ಓಡಿಸುವವನು ಗ್ರಾಹಕ, ಸಹಾಯಕ್ಕೆ ಒಬ್ಬಿಬ್ಬರು ಇದ್ದರೂ ಪರವಾಗಿಲ್ಲ. ಪೂರ್ತಿ ಬೇರೆಯವರ ಕೈಗೆ ಕೊಟ್ಟು ದುಡಿಸುವವನು ಅಲ್ಲ.

ಎರಡನೆಯದೇ ಕಷ್ಟದ್ದು. ಪಾರ್ಟ್ ಬದಲಿಸಿದರೆ ಹೋಗುವ ದೋಷಕ್ಕೆ ಇಡೀ ಗಾಡಿ ಬದಲಿಸಬೇಕಿಲ್ಲ ಎಂದು 2006ರಲ್ಲಿ ಒಂದು ಕಾರಿನ ಕ್ಲಚ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಹುಟ್ಟು ದೋಷ ಎಂದು ತೋರಿಸಬೇಕು. ಅದಕ್ಕೆ ಸ್ವತಂತ್ರ ತಜ್ಞರ ವರದಿ ಬೇಕಾಗುತ್ತದೆ. ಕಾಯ್ದೆಯಲ್ಲಿ ಮೂರು ತಿಂಗಳು, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಿ ಎಂದಿದೆ. ಅದು ಕಾಯ್ದೆಯ ಲೆಕ್ಕ, ಬೆಂಚಿನ ಮೇಲೆ ಕೂತವರ ಲೆಕ್ಕ ಬೇರೆ. ಮಾತುಕತೆಯಲ್ಲಿ ಮುಗಿದರೆ ಒಳ್ಳೆಯದು. ಆದರೆ ಆಯೋಗಕ್ಕೆ ಹೋಗಲು ತಯಾರಿದ್ದೀರಿ ಎಂದು ಅವರಿಗೆ ಕಾಣಬೇಕು.

ಮೂರು ಗಾಡಿ, ಶಿಕಾರಿಪುರ (ನವೆಂಬರ್ 11, ರಾತ್ರಿ 8.10)

ನನ್ನದು ಮೂರು ಪಿಕಪ್, ಮೂರಕ್ಕೂ ಡ್ರೈವರ್ ಇದ್ದಾರೆ. ಹಾಗಾದರೆ ನಾನು ಗ್ರಾಹಕ ಅಲ್ವಾ?

ಕೋರ್ಟ್ ಗುಮಾಸ್ತ (ನವೆಂಬರ್ 11, ರಾತ್ರಿ 8.25)

ನಿಮಗೆ ಅಲ್ಲಿ ಕಷ್ಟ ಅಣ್ಣ. ಸಿವಿಲ್ ಕೋರ್ಟಿನ ದಾರಿ ನೋಡಬೇಕಾದೀತು. ವಕೀಲರನ್ನು ಕೇಳಿ.

ತೋಟದಮನೆ, ತೀರ್ಥಹಳ್ಳಿ (ನವೆಂಬರ್ 27, ರಾತ್ರಿ 9.00)

ಇಲ್ಲಿಯವರೆಗಿನ ಕಥೆ. ಗಾಡಿಯನ್ನು ಟೋಯಿಂಗ್ ಮಾಡಿಸಿದೆ. ಈ ಸಲ ಜಾಬ್ ಕಾರ್ಡಿನಲ್ಲಿ ನಾನು ಹೇಳಿದ್ದನ್ನೇ ಬರೆಸಿದೆ. "ಅಷ್ಟು ಉದ್ದ ಹಿಡಿಯುವುದಿಲ್ಲ ಸಾರ್" ಎಂದ. "ಹಿಂಬದಿ ಖಾಲಿ ಇದೆಯಲ್ಲ, ಅಲ್ಲಿ ಬರಿ" ಎಂದೆ. ಬರೆದ. ಆಯಿಲ್ ಮಟ್ಟ, ಕಿ.ಮೀ., ಬಿಟ್ಟ ದಿನ, ಗಂಟೆ ಎಲ್ಲ ಬಂತು. ಅದರ ಫೋಟೊ, ಹಳೆ ಕಾರ್ಡುಗಳು, ತೂಕದ ಚೀಟಿ, ಬಾಡಿಗೆ ಗಾಡಿಗೆ ಕೊಟ್ಟ ರಸೀದಿ ಸೇರಿಸಿ ಕಂಪನಿಗೆ ಇಮೇಲ್, ಶೋರೂಂಗೆ ಸ್ಪೀಡ್ ಪೋಸ್ಟ್ ಕಳಿಸಿದೆ. 1915ಕ್ಕೂ ಹೇಳಿದೆ.

ಎಂಟನೇ ದಿನ ಬೆಂಗಳೂರಿನಿಂದ ಕಂಪನಿ ಇಂಜಿನಿಯರ್ ಬಂದರು. ಮನುಷ್ಯ ಒಳ್ಳೆಯವರು. ಎರಡು ದಿನ ಕೂತು ನೋಡಿದರು. "ಇಂಜಿನ್ ಅಸೆಂಬ್ಲಿ ಪೂರ್ತಿ ಹೊಸದು ಹಾಕಿಕೊಡುತ್ತೇವೆ" ಎಂದರು. ಒಪ್ಪಲಾ?

ಸಾಗರದ ಗ್ಯಾರೇಜ್ (ನವೆಂಬರ್ 27, ರಾತ್ರಿ 9.20)

ದೋಷ ಇಂಜಿನ್‌ದೇ ಎಂದು ಬರೆದುಕೊಡುತ್ತಾರಾ? ಇಲ್ಲದಿದ್ದರೆ ಇದು ಆರನೇ ಅದೃಷ್ಟ ಪರೀಕ್ಷೆ. ಮೇಲಾಗಿ ಇಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ನಾಳೆ ಮಾರುವಾಗ ಕೊಳ್ಳುವವನು ಅದನ್ನು ನೋಡಿ ಬೆಲೆ ಇಳಿಸುತ್ತಾನೆ.

ತೋಟದಮನೆ, ತೀರ್ಥಹಳ್ಳಿ (ಡಿಸೆಂಬರ್ 18, ರಾತ್ರಿ 8.40)

ಬರೆದುಕೊಡಲಿಲ್ಲ. ನಾನೂ ಒಪ್ಪಲಿಲ್ಲ. ನಿನ್ನೆ ಅವರೇ ಬೇರೆ ಮಾತು ತಂದರು. "ಗಾಡಿಗೆ ಗಾಡಿ" ಅಂತೆ. ಹಳೆಯದು ಕೊಟ್ಟು ಅದೇ ಮಾಡೆಲ್ ಹೊಸದು ತಗೊಂಡು ಹೋಗುವುದು. 11,400 ಕಿ.ಮೀ. ಓಡಿಸಿದ್ದಕ್ಕೆ 40,000 ಕಟ್ಟಬೇಕು. ಮನೆಯಲ್ಲಿ ಎಲ್ಲರಿಗೂ ಖುಷಿ. ನಾಳೆ ಹೋಗಿ ಸಹಿ ಹಾಕುತ್ತೇನೆ.

ಕೊಪ್ಪದಕ್ಕ (ಡಿಸೆಂಬರ್ 18, ರಾತ್ರಿ 8.55)

ತಡಿ ಮಾರಾಯ, ಸಹಿ ಹಾಕಬೇಡ! ನೀನು ಮೇನಲ್ಲಿ ತಗೊಂಡಾಗ ಜಿಎಸ್‌ಟಿ ಎಷ್ಟಿತ್ತು? ಗೂಡ್ಸ್ ಗಾಡಿಗೆ 28 ಪರ್ಸೆಂಟ್. ಸೆಪ್ಟೆಂಬರ್ 22ರಿಂದ 18 ಆಗಿದೆ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು, ದಿನಾ ಇದೇ ಕೆಲಸ. 10,24,000ದಲ್ಲಿ ಮೂಲ ಬೆಲೆ 8,00,000, ತೆರಿಗೆ 2,24,000. ಈಗ ಅದೇ ಗಾಡಿಗೆ ತೆರಿಗೆ 1,44,000. ಅಂದರೆ ಹೊಸದರ ಬೆಲೆ 9,44,000. ಗಾಡಿಗೆ ಗಾಡಿ ಎಂದರೆ ನಿನ್ನ 80,000 ಎಲ್ಲಿಗೆ ಹೋಯಿತು? ಅದರ ಮೇಲೆ ನೀನು ಇನ್ನೂ 40,000 ಕೊಡುವುದಾ?

ಶೋರೂಂನಲ್ಲಿದ್ದವ (ಡಿಸೆಂಬರ್ 18, ರಾತ್ರಿ 9.05)

ಅಕ್ಕ, ನಿಮಗೆ ಒಂದು ನಮಸ್ಕಾರ. ಇದು ನನಗೂ ಹೊಳೆದಿರಲಿಲ್ಲ.

ಕೋರ್ಟ್ ಗುಮಾಸ್ತ (ಡಿಸೆಂಬರ್ 18, ರಾತ್ರಿ 9.40)

ಅಕ್ಕ ಹೇಳಿದ್ದು ಸರಿ. ಎರಡು ಬೇರೆ ಬೇರೆ ವ್ಯವಹಾರ ಎಂದು ಬರೆಸಿ. ಹಳೆಯದನ್ನು ಇಷ್ಟಕ್ಕೆ ವಾಪಸ್ ತಗೊಂಡೆವು, ಹೊಸದನ್ನು ಇಷ್ಟಕ್ಕೆ ಮಾರಿದೆವು ಎಂದು ಎರಡು ಕಾಗದ.

ಆಮೇಲೆ ಒಂದು "ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್" ಕಾಗದ ಮುಂದಿಡುತ್ತಾರೆ. ಪೂರ್ತಿ ಓದಿ. ದುಡ್ಡು ಬ್ಯಾಂಕಿಗೆ ಬಿದ್ದ ಮೇಲೆ ಸಹಿ, ಮೊದಲೇ ಅಲ್ಲ. "ಈ ವಿಷಯ ಯಾರಿಗೂ ಹೇಳತಕ್ಕದ್ದಲ್ಲ" ಎಂಬ ಸಾಲು ಇದ್ದರೆ ಹೊಡೆದು ಹಾಕಿಸಿ.

ಎಲ್ಲಕ್ಕಿಂತ ಮುಖ್ಯ ಆರ್‌ಸಿ. ಸಾಲ ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸಲು ಫಾರಂ 35, ಆಮೇಲೆ ಹೆಸರು ಬದಲಿಸಲು 29, 30. ಹೆಸರು ಬದಲಾಗುವವರೆಗೆ ಆ ಗಾಡಿ ಯಾರಿಗಾದರೂ ಗುದ್ದಿದರೆ ಪರಿಹಾರ ಕಟ್ಟಬೇಕಾದವರು ನೀವೇ. ಆರ್‌ಸಿಯಲ್ಲಿ ಹೆಸರಿದ್ದವನೇ ಮಾಲೀಕ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫಾಸ್ಟ್ಯಾಗ್ ಕೂಡ ಕ್ಲೋಸ್ ಮಾಡಿಸಿ. ಇಲ್ಲದಿದ್ದರೆ ಯಾರದ್ದೋ ಟೋಲು ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

ತೋಟದಮನೆ, ತೀರ್ಥಹಳ್ಳಿ (ಜನವರಿ 11, 2026, ಸಂಜೆ 6.30)

ಹೊಸ ಗಾಡಿ ಅಂಗಳದಲ್ಲಿ ನಿಂತಿದೆ. ಲೆಕ್ಕ ಪೂರ್ತಿ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು.

ಹಳೆಯದು ಇನ್‌ವಾಯ್ಸ್ ಬೆಲೆ 10,24,000. ಓಡಿಸಿದ್ದಕ್ಕೆ 40,000 ಕಳೆದರು. ಅದಕ್ಕೆ ನಾನು ತಕರಾರು ಮಾಡಲಿಲ್ಲ, ಓಡಿಸಿದ್ದು ಹೌದಲ್ಲ. ಉಳಿದದ್ದು 9,84,000. ಅದರಲ್ಲಿ 7,40,000 ನೇರ ಬ್ಯಾಂಕಿಗೆ ಹೋಗಿ ಹಳೆ ಸಾಲ ತೀರಿತು. ಉಳಿದ 2,44,000 ಹೊಸ ಗಾಡಿಗೆ ಜಮಾ. ಹೊಸದು 9,44,000, ಹಾಗಾಗಿ ಹೊಸ ಸಾಲ 7,00,000. ಕೈಗೆ ಕಾಸು ಬರಲಿಲ್ಲ, ಸಾಲ 40,000 ಇಳಿಯಿತು. ಇನ್ಶೂರೆನ್ಸ್ ಶೋರೂಂನವರೇ ಮಾಡಿಸಿದರು. ಟ್ಯಾಕ್ಸ್ ಮತ್ತೆ ನನ್ನ ಕೈಯಿಂದಲೇ ಹೋಯಿತು. ಎಷ್ಟು ಹೇಳಿದರೂ ಅದಕ್ಕೆ ಒಪ್ಪಲಿಲ್ಲ. ಗೂಡು ಬಿಚ್ಚಿ ಹೊಸದಕ್ಕೆ ಕೂರಿಸಿದೆ, ವೆಲ್ಡಿಂಗ್‌ಗೆ 3,500. ಕೊಯ್ಲಿನಲ್ಲಿ ಕೊಟ್ಟ ಬಾಡಿಗೆ ಹೋದದ್ದು ಹೋಯಿತು.

"ಯಾರಿಗೂ ಹೇಳತಕ್ಕದ್ದಲ್ಲ" ಸಾಲು ಇತ್ತು! ಗುಮಾಸ್ತರು ಹೇಳದಿದ್ದರೆ ಓದುತ್ತಲೇ ಇರಲಿಲ್ಲ. ಹೊಡೆಸಿದೆ, ಪಕ್ಕದಲ್ಲಿ ಅವರ ಸಹಿಯೂ ಹಾಕಿಸಿದೆ. ದೋಷ ಏನಿತ್ತು ಎಂದು ಮಾತ್ರ ಇವತ್ತಿಗೂ ಬರವಣಿಗೆಯಲ್ಲಿ ಕೊಟ್ಟಿಲ್ಲ. ಕಾಗದದಲ್ಲಿ "ಗ್ರಾಹಕರ ತೃಪ್ತಿಗಾಗಿ" ಎಂದಿದೆ.

ಕೊಪ್ಪದಕ್ಕನಿಗೆ ಒಂದು ಗೊನೆ ಬಾಳೆಹಣ್ಣು ಬಾಕಿ ಇದೆ.

ಕೊಪ್ಪದಕ್ಕ (ಜನವರಿ 11, ಸಂಜೆ 7.00)

ಪುಟ್ಟಬಾಳೆಯೇ ಆಗಬೇಕು.

ಹೊಸನಗರ ಹುಡುಗ (ಜನವರಿ 11, ರಾತ್ರಿ 8.15)

ಕತ್ತೆ ಇಲ್ಲದೆಯೇ ಆಯ್ತಲ್ಲ. ಹೊಸದು ಹೇಗಿದೆ ಅಣ್ಣ?

ತೋಟದಮನೆ, ತೀರ್ಥಹಳ್ಳಿ (ಜನವರಿ 11, ರಾತ್ರಿ 8.30)

ಎರಡು ಸಲ ಆಗುಂಬೆ ಹತ್ತಿಸಿದೆ. ಹತ್ತುತ್ತದೆ. ನಾನೇ ದೀಪ ನೋಡುತ್ತಾ ಕೂತಿರುತ್ತೇನೆ, ರೋಡು ನೋಡುವುದಕ್ಕಿಂತ ಜಾಸ್ತಿ.

ಹೊಸ ಸದಸ್ಯ, ಕಡೂರು (ಫೆಬ್ರವರಿ 22, ಬೆಳಿಗ್ಗೆ 10.20)

ಈ ಚರ್ಚೆ ಹುಡುಕುವಾಗ ಸಿಕ್ಕಿತು. ನಾನು ತೆಂಗಿನಕಾಯಿ ಬಾಡಿಗೆಗೆ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಿದ್ದೇನೆ. 2025ರ ಮಾಡೆಲ್, ಕೆಎ-14, ಬಿಳಿ ಬಣ್ಣ, 11,000 ಚಿಲ್ಲರೆ ಕಿ.ಮೀ. ಒಬ್ಬರೇ ಮಾಲೀಕರು, ಮನೆಕಷ್ಟಕ್ಕೆ ಮಾರಿದ್ದು ಎಂದು ಹೇಳಿದರು. ಇಷ್ಟು ಹೊಸ ಗಾಡಿ ಇಷ್ಟು ಕಡಿಮೆಗೆ ಯಾಕೆ ಎಂದು ಅನುಮಾನ. ಬಾಡಿ ಮೇಲೆ ಗೂಡು ಬಿಚ್ಚಿದ ಗುರುತು ಇದೆ. ತಗೊಳ್ಳಬಹುದಾ?

ತೋಟದಮನೆ, ತೀರ್ಥಹಳ್ಳಿ (ಫೆಬ್ರವರಿ 22, ಬೆಳಿಗ್ಗೆ 10.50)

ಅಡ್ವಾನ್ಸ್ ಕೊಟ್ಟಿದ್ದೀರಾ? ಹಿಂದಿನ ಬಾಗಿಲ ಒಳಗಡೆ, ಎಡ ಮೂಲೆಯಲ್ಲಿ ನೋಡಿ. ಬೋರ್ಡೋ (ಅಡಿಕೆಗೆ ಹೊಡೆಯುವ ಔಷಧಿ) ಡ್ರಮ್ಮು ಮಗುಚಿ ಆದ ಮೈಲುತುತ್ತದ ನೀಲಿ ಕಲೆ ಇದೆಯಾ? ಎಷ್ಟು ತಿಕ್ಕಿದರೂ ಹೋಗಿರಲಿಲ್ಲ ಅದು.

ಹೊಸ ಸದಸ್ಯ, ಕಡೂರು (ಫೆಬ್ರವರಿ 22, ಮಧ್ಯಾಹ್ನ 12.40)

ಈಗ ಯಾರ್ಡ್‌ಗೆ ಹೋಗಿ ನೋಡಿ ಬಂದೆ. ಇದೆ.

ತೋಟದಮನೆ, ತೀರ್ಥಹಳ್ಳಿ (ಫೆಬ್ರವರಿ 22, ಮಧ್ಯಾಹ್ನ 12.45)

ಆರು ಜಾಬ್ ಕಾರ್ಡಿನ ಫೋಟೊ ನಿಮಗೆ ಕಳಿಸಿದ್ದೇನೆ. ಆರನೆಯದರ ಹಿಂಬದಿ ಓದಿ. ಆಮೇಲೆ ಫೋನ್ ಮಾಡಿ.